ಕೊನೆಯ ತಿರುವಿನ ಅಪಾಯ

ಮಾನ್ಯರೇ,

ಸಣ್ಣ ವಿಮಾನ ಬಿದ್ದಾಗಲೆಲ್ಲ ‘ತಿರುವಿನಲ್ಲಿ ನಿಯಂತ್ರಣ ತಪ್ಪಿತು’ ಎಂದಷ್ಟೇ ಸುದ್ದಿ ಬರುತ್ತದೆ. ಹೇಗೆ ತಪ್ಪಿತು ಎಂಬುದನ್ನೂ ಓದುಗರಿಗೆ ದಯವಿಟ್ಟು ತಿಳಿಸಿ.

ವಿಮಾನವನ್ನು ತಿರುಗಿಸುವುದು ವಾಲಿದ ರೆಕ್ಕೆ. ಮೂತಿಯನ್ನು ಎಡಬಲಕ್ಕೆ ಹೊರಳಿಸುವ ಬಾಲದ ರಡ್ಡರ್ (ಚುಕ್ಕಾಣಿ ಹಲಗೆ) ಬರೀ ಸಹಾಯಕ್ಕೆ. ವಾಲಿದಾಗ ಎತ್ತುವ ಬಲದ ಒಂದು ಪಾಲು ಪಕ್ಕಕ್ಕೆ ಹೋಗುವುದರಿಂದ, ಎತ್ತರ ಕಾಯ್ದುಕೊಳ್ಳಲು ರೆಕ್ಕೆ ಹೆಚ್ಚು ಹೊರಬೇಕು: 45 ಡಿಗ್ರಿಗೆ ತೂಕದ 1.4 ಪಟ್ಟು, 60ಕ್ಕೆ 2 ಪಟ್ಟು, 75ಕ್ಕೆ ಸುಮಾರು 3.9 ಪಟ್ಟು. ಸಾಮಾನ್ಯ ವರ್ಗದ ಸಣ್ಣ ವಿಮಾನಗಳ ರಚನಾ ಮಿತಿಯೇ ತೂಕದ 3.8 ಪಟ್ಟು.

ಆದರೆ ನೆಲದ ಹತ್ತಿರ ರೆಕ್ಕೆ ಮುರಿಯುವುದಕ್ಕಿಂತ ಸ್ಟಾಲ್, ಅಂದರೆ ರೆಕ್ಕೆಯ ಎತ್ತುವ ಬಲ ಹಠಾತ್ತನೆ ಕುಸಿಯುವುದು, ದೊಡ್ಡ ಭಯ. ನೇರ ಹಾರಾಟದಲ್ಲಿ 50 ನಾಟ್‌ (ಗಂಟೆಗೆ ಸುಮಾರು 93 ಕಿ.ಮೀ.) ವೇಗಕ್ಕೆ ಸ್ಟಾಲ್ ಆಗುವ ವಿಮಾನ, 60 ಡಿಗ್ರಿ ವಾಲಿದರೆ 71 ನಾಟ್‌ನಲ್ಲೇ ಸ್ಟಾಲ್ ಆಗುತ್ತದೆ. ರನ್‌ವೇ ಕಡೆಗಿನ ಕೊನೆಯ ತಿರುವಿನಲ್ಲಿ ರನ್‌ವೇಯ ನೇರ ಗೆರೆ ದಾಟಿಹೋದ ಪೈಲಟ್, ಇನ್ನಷ್ಟು ವಾಲಿಸಲು ಅಂಜಿ ತಿರುವಿನ ಒಳಬದಿಗೆ ರಡ್ಡರ್ ಒತ್ತುತ್ತಾನೆ. ಮೂತಿ ಕೆಳಗಿಳಿಯುತ್ತದೆ, ಅದನ್ನು ಎತ್ತಲು ನಿಯಂತ್ರಣ ಕೋಲನ್ನು ಹಿಂದಕ್ಕೆಳೆಯುತ್ತಾನೆ. ಒಳಬದಿಯ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ಗಿರಕಿ ಹೊಡೆಯುತ್ತದೆ. ಆಗ ಉಳಿದಿರುವುದು ಕೆಲವೇ ನೂರು ಅಡಿ. ಚೇತರಿಸಿಕೊಳ್ಳಲು ಅದು ಸಾಲದು.

ಗೆರೆ ತಪ್ಪಿತೇ? ರೆಕ್ಕೆ ಸಮ ಮಾಡಿ, ಪೂರ್ಣ ಥ್ರಾಟಲ್ (ಎಂಜಿನ್ ಶಕ್ತಿ) ಕೊಟ್ಟು, ಇನ್ನೊಂದು ಸುತ್ತು ಬನ್ನಿ. ತರಬೇತಿಯ ಮೊದಲ ವಾರದಿಂದಲೇ ಇದನ್ನು ರೂಢಿ ಮಾಡಿಸಬೇಕು.

— ಓದುಗ, ಬೆಂಗಳೂರು