‘ಶಾರ್ಟೇಜ್’ ಹೆಸರಿನಲ್ಲಿ ಸಂಬಳಕ್ಕೆ ಕತ್ತರಿ

ಮಾನ್ಯರೇ,

ಸ್ಟಾಕ್ ಎಣಿಕೆ ಮುಗಿದಾಗ ಕಂಪ್ಯೂಟರ್ ಲೆಕ್ಕಕ್ಕೂ ರ‍್ಯಾಕಿನಲ್ಲಿರುವ ಮಾಲಿಗೂ ತಾಳೆಯಾಗದಿದ್ದರೆ, ಕಡಿಮೆ ಬಿದ್ದ ಹಣವನ್ನು ಆ ವಿಭಾಗದ ಹುಡುಗ ಹುಡುಗಿಯರ ತಲೆಗೆ ಹಂಚಿ ಸಂಬಳದಲ್ಲಿ ಮುರಿದುಕೊಳ್ಳುವ ರೂಢಿ ಕಲಬುರಗಿಯ ಕೆಲವು ದೊಡ್ಡ ಮಳಿಗೆಗಳಲ್ಲಿದೆ. ಇದನ್ನೇ ಅಲ್ಲಿ ‘ಶಾರ್ಟೇಜ್’ ಎನ್ನುತ್ತಾರೆ.

ಮಾಲು ಕಡಿಮೆ ಬೀಳಲು ಕಳ್ಳತನವೊಂದೇ ಕಾರಣವಲ್ಲ. ಗೋದಾಮಿನಿಂದ ಬಂದ ಪೆಟ್ಟಿಗೆಯನ್ನು ಒಡೆದು ಎಣಿಸದೆ ಇನ್ವಾಯ್ಸ್‌ನಲ್ಲಿದ್ದಷ್ಟೇ ಸಂಖ್ಯೆಯನ್ನು ಕಂಪ್ಯೂಟರಿಗೆ ಏರಿಸುತ್ತಾರೆ. ಬಿಡಿ ಬೇಳೆ, ಅಕ್ಕಿ ಒಣಗಿ ತೂಕ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ತರಕಾರಿಯಂತೂ ಕೇಳುವುದೇ ಬೇಡ. ಅವಧಿ ಮೀರಿದ ಮಾಲನ್ನು ಹೊರಗೆ ಹಾಕಿದ ಮೇಲೆ ಲೆಕ್ಕದಿಂದ ತೆಗೆಯಲು ಮರೆಯುತ್ತಾರೆ. ಇವೆಲ್ಲ ವ್ಯಾಪಾರದ ನಷ್ಟ. ಕಪಾಟು ಜೋಡಿಸುವವರು ಇದನ್ನೇಕೆ ತುಂಬಬೇಕು?

ಕಾನೂನು ಇದಕ್ಕೆ ಒಪ್ಪುವುದಿಲ್ಲ. ಹಿಂದಿನ 1936ರ ವೇತನ ಪಾವತಿ ಕಾಯ್ದೆಯನ್ನು ನೋಡಿ, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯನ್ನು ನೋಡಿ, ಹೇಳುವುದು ಒಂದೇ: ನೌಕರನ ವಶಕ್ಕೆ ಒಪ್ಪಿಸಿದ ಮಾಲು ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಹಾಳಾಗಿರಬೇಕು ಇಲ್ಲವೇ ಕಳೆದುಹೋಗಿರಬೇಕು, ಕಡಿತಕ್ಕೆ ಮೊದಲು ಅವನ ಮಾತು ಕೇಳಬೇಕು. ದಂಡವಾದರೆ ಆ ಅವಧಿಯ ವೇತನದ ಶೇ 3ನ್ನು ಮೀರಬಾರದು. ತಲಾ ಹಂಚಿಕೆಗೆ ಇದರಲ್ಲಿ ಜಾಗವೇ ಇಲ್ಲ. ಮಾಲೀಕರಿಗೂ ಇದು ಗೊತ್ತು. ಅದಕ್ಕೇ ಚೀಟಿಯಲ್ಲಿ ‘ಅಡ್ವಾನ್ಸ್’ ಎಂದು ಬರೆಸುತ್ತಾರೆ, ಇಲ್ಲವೇ ಪೂರ್ತಿ ಸಂಬಳ ಖಾತೆಗೆ ಹಾಕಿ ಮರುದಿನ ಮೇಲ್ವಿಚಾರಕನ ಫೋನಿಗೆ ಹಣ ಕಳಿಸಲು ಹೇಳುತ್ತಾರೆ. ಕಳಿಸುವವರು ಆ ಸ್ಕ್ರೀನ್‌ಶಾಟನ್ನು ಅಳಿಸಬಾರದು; ಮುಂದೆ ಸಾಕ್ಷಿಯಾಗುವುದು ಅದೇ.

ದುಡಿಮೆಯ ಅವಧಿಯಲ್ಲೂ ಇದೇ ಕೈಚಳಕ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರಂತೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮೀರಿದರೆ ಇಮ್ಮಡಿ ಕೂಲಿ. 5 ಗಂಟೆ ದುಡಿಸಿದ ಮೇಲೆ 1 ಗಂಟೆ ಬಿಡುವು ಕೊಡಬೇಕು. ಆದರೆ ಬೆರಳಿಟ್ಟು ಹಾಜರಿ ಹಾಕುವ ಯಂತ್ರದಲ್ಲಿ ‘ಔಟ್’ ಒತ್ತಿಸಿ, ಆಮೇಲೆ ಕ್ಯಾಶ್ ಎಣಿಕೆ, ಕಪಾಟು ತುಂಬುವ ಕೆಲಸ ಮಾಡಿಸಿಕೊಳ್ಳುತ್ತಾರೆ. ಆಳಂದ, ಅಫಜಲಪುರದ ಕಡೆಯಿಂದ ಬರುವವರಿಗೆ ಕೊನೆಯ ಬಸ್ಸೂ ತಪ್ಪುತ್ತದೆ. ಹೋಗಲಿ, ಕೌಂಟರ್ ಹಿಂದೆ ಒಂದು ಸ್ಟೂಲಾದರೂ ಇದೆಯೇ? ಅಂಗಡಿ ನೌಕರರಿಗೆ ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಂದವು.

ಬಹುತೇಕರು ಏಜೆನ್ಸಿ ಮೂಲಕ ಸೇರಿದವರು. ಪಿಎಫ್‌ನ ಮಾಲೀಕರ ಪಾಲನ್ನೂ ನೌಕರರ ಸಂಬಳದಲ್ಲೇ ಮುರಿಯುವುದು ಇಲ್ಲಿಯ ಇನ್ನೊಂದು ಚಾಳಿ. ನೌಕರರಿಂದ ಮುರಿಯಬೇಕಾದ್ದು ಪಿಎಫ್‌ಗೆ ಶೇ 12, ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ಶೇ 0.75 ಮಾತ್ರ. ಮುರಿದದ್ದು ಜಮೆಯಾಗಿದೆಯೇ ಎಂಬುದನ್ನು ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಬಹುದು. ಇಎಸ್‌ಐ ನೋಂದಣಿಯೇ ಆಗಿಲ್ಲದಿದ್ದರೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆ ಊರಲ್ಲಿದ್ದೂ ಇಲ್ಲದಂತೆ. ‘ಏಜೆನ್ಸಿಯವರನ್ನು ಕೇಳಿ’ ಎಂದು ಮಳಿಗೆಯವರು ಕೈ ತೊಳೆದುಕೊಳ್ಳುವಂತಿಲ್ಲ. ಗುತ್ತಿಗೆದಾರ ಪಿಎಫ್ ಕಟ್ಟದಿದ್ದರೆ ಮೂಲ ಮಾಲೀಕರಾದ ಮಳಿಗೆಯವರೇ ಕಟ್ಟಬೇಕು.

ತಪಾಸಣೆಗೆ ಬರುವ ಕಾರ್ಮಿಕ ನಿರೀಕ್ಷಕರು ಹಾಜರಿ ಪುಸ್ತಕವನ್ನಷ್ಟೇ ನೋಡಿ ಸಹಿ ಹಾಕಿದರೆ ಇದ್ಯಾವುದೂ ಸಿಗುವುದಿಲ್ಲ. ಬಿಲ್ಲಿಂಗ್ ಯಂತ್ರದಲ್ಲಿ ಪ್ರತಿ ಕ್ಯಾಷಿಯರ್ ಲಾಗಿನ್ ಆದ ವೇಳೆ, ಕೊನೆಯ ಬಿಲ್ಲಿನ ವೇಳೆ, ಕ್ಯಾಶ್ ಮುಚ್ಚಿದ ವೇಳೆ ದಾಖಲಾಗಿರುತ್ತವೆ. ಒಂದು ತಿಂಗಳಿನದನ್ನು ತೆಗೆಸಿ ಹಾಜರಿ ಯಂತ್ರದ ‘ಔಟ್’ ವೇಳೆಯ ಪಕ್ಕದಲ್ಲಿಡಲಿ. ಸ್ಟಾಕ್ ಎಣಿಕೆಯ ವರದಿಯನ್ನು ಅದೇ ತಿಂಗಳ ವೇತನ ಪಟ್ಟಿಯ ಜತೆ ಹೋಲಿಸಲಿ. ನೌಕರರ ಹೇಳಿಕೆಯನ್ನು ಮಾತ್ರ ಮ್ಯಾನೇಜರ್ ಎದುರಿನಲ್ಲಿ ಪಡೆಯುವುದು ಬೇಡ.

– ಓದುಗರೊಬ್ಬರು, ಕಲಬುರಗಿ