‘ಅಂತೆ’ ಹೇಳುವವರು

ತಂಗೀ,

ನಿನ್ನ ಬರಹ ಎರಡು ಸಲ ಓದಿದೆ. ಅಜ್ಜಿ ಹೋದ ಮೇಲೆ ‘ನಾನು ಮೊದಲಿನವಳಲ್ಲ’ ಅಂತ ಬರೆದಿದ್ದೀಯ. ಇರಬಹುದು. ಆದರೆ ಹೇಗೆ ಮೊದಲಿನವಳಲ್ಲ? ಅದನ್ನು ಹೇಳದೆ ‘ಶೂನ್ಯ’, ‘ಕತ್ತಲು’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಆ ಪದಗಳು ಯಾರ ಅಜ್ಜಿ ಹೋದರೂ ಹೊಂದುತ್ತವೆ, ಅಲ್ವಾ?

ನಿನ್ನೆಯ ನಾನೂ ಇವತ್ತಿನ ನಾನೂ ಒಬ್ಬರೇ ಅನ್ನಲು ಏನು ಆಧಾರ? 1694ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಇದನ್ನು ಹಿಡಿದು ಕೂತಿದ್ದ. ದೇಹವಲ್ಲ, ಆತ್ಮವೂ ಅಲ್ಲ. ಹಿಂದಿನದನ್ನು ನನ್ನದೇ ಅಂತ ಗುರುತಿಸುವ ಅರಿವು, ಅಂದರೆ ನೆನಪು, ಅಂದ. 1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಒಂದು ಕತೆ ಕಟ್ಟಿ ತಕರಾರು ತೆಗೆದ. ತೋಟದಲ್ಲಿ ಕದ್ದು ಏಟು ತಿಂದ ಹುಡುಗ ಬೆಳೆದು ಸೇನಾಧಿಕಾರಿಯಾದ, ಮುಂದೆ ಜನರಲ್ ಆದ. ಅಧಿಕಾರಿಗೆ ಏಟು ನೆನಪಿತ್ತು. ಮುದಿ ಜನರಲ್‌ಗೆ ಅಧಿಕಾರಿಯ ದಿನಗಳು ನೆನಪಿವೆ, ಏಟು ಮರೆತಿದೆ. ಹಾಗಾದರೆ ಈತ ಆ ಹುಡುಗ ಹೌದೋ, ಅಲ್ಲವೋ?

ಇಬ್ಬರೂ ಆ ಹುಡುಗನ ತಾಯಿಯನ್ನು ಮರೆತರು ಅಂತ ನನ್ನ ಆಕ್ಷೇಪ. (ದೊಡ್ಡವರ ತಪ್ಪು ಹುಡುಕುವುದು ನನ್ನ ವಯಸ್ಸಿನ ಚಟ.) ಮೂರು ವರ್ಷದವಳಿದ್ದಾಗ ನಾನು ಹಬ್ಬಕ್ಕೆ ಎತ್ತಿಟ್ಟ ಬೆಲ್ಲ ಕದ್ದು, ಒರಳಿನ ಹಿಂದೆ ಕೂತು ತಿಂದು, ಅಲ್ಲೇ ನಿದ್ದೆ ಹೋಗಿದ್ದೆನಂತೆ. ಮೈಗೆಲ್ಲ ಇರುವೆ ಮುತ್ತಿತ್ತಂತೆ. ನನಗೇನೂ ನೆನಪಿಲ್ಲ. ಅಮ್ಮ ಹೇಳುತ್ತಿದ್ದಳು. ಎಲ್ಲರ ಬಾಲ್ಯವೂ ಅರ್ಧ ಈ ‘ಅಂತೆ’ಯಲ್ಲೇ ಇರುತ್ತದೆ. ಅಮ್ಮ ಹೋದಾಗ ಆ ಬೆಲ್ಲದ ಕಳ್ಳಿಗೆ ಇದ್ದ ಒಬ್ಬಳೇ ಸಾಕ್ಷಿಯೂ ಹೋದಳು.

ನಿನ್ನ ಬರಹದಲ್ಲಿ ‘ಅಜ್ಜಿಯ ಸೆರಗು ಹಿಡಿದು ಜಾತ್ರೆ ಸುತ್ತಿದೆ’ ಅಂತಿದೆ. ಆಗ ನಿನಗೆ ಎರಡು ವರ್ಷ! ‘ಸುತ್ತಿದೆನಂತೆ’ ಅಂತಲೇ ಬರೆ. ಆ ‘ಅಂತೆ’ ತೆಗೆದರೆ ಹೇಳಿದ ಅಜ್ಜಿಯನ್ನೂ ವಾಕ್ಯದಿಂದ ಆಚೆ ಕಳಿಸಿದ ಹಾಗೆ.

ಅಜ್ಜಿಯ ದನಿ ಮರೆಯುತ್ತಿದೆ, ದುಃಖ ಕಡಿಮೆಯಾಗುತ್ತಿದೆ ಅಂತ ಅಳುಕಬೇಡ. ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ ಮೂರ್ಛೆರೋಗಕ್ಕೆ ಮಿದುಳಿನ ಆಪರೇಷನ್ ಆಯಿತು. ಆಮೇಲೆ ನಡೆದದ್ದು ಹೆಚ್ಚುಕಡಿಮೆ ಏನೂ ಅವನ ನೆನಪಲ್ಲಿ ನಿಲ್ಲಲಿಲ್ಲ. ಅವನ ಮಾವನೋ ಚಿಕ್ಕಪ್ಪನೋ ತೀರಿಕೊಂಡ ಸುದ್ದಿ ಪ್ರತಿ ಸಲ ಕೇಳಿದಾಗಲೂ ಆಗಷ್ಟೇ ಕೇಳಿದವನಂತೆ ಕುಸಿಯುತ್ತಿದ್ದ. ನೆನಪು ನಿಲ್ಲದ್ದಕ್ಕೇ ಅವನ ದುಃಖ ಹಳತಾಗಲಿಲ್ಲ.

ಅಜ್ಜಿಯ ತಂಗಿ ಊರಲ್ಲಿದ್ದಾರೆ ಅಂತ ನೀನೇ ಅಂದಿದ್ದೆ. ಒಂದು ಭಾನುವಾರ ಹೋಗಿ ಸುಮ್ನೆ ಕೂತ್ಕೋ. ನಿನ್ನ ವಿಷಯ ಅಜ್ಜಿ ಅವರ ಹತ್ತಿರ ಏನು ಹೇಳಿದ್ದರು ಅಂತ ಕೇಳು. ಆಮೇಲೆ ಬರಹ ಮತ್ತೆ ಕಳಿಸು.

ನಿನ್ನ ಅಕ್ಕ