ಬಳಕೆಯಾಗದೆ ಉಳಿದ ಎರಡು ಚೀಲ ರಕ್ತಕ್ಕೆ ನಾನು ಋಣಿ

ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಆರು ವಾರ ತುಂಬಿತು. ಕಳೆದ ಮಳೆಗಾಲದಲ್ಲಿ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಎರಡು ಕಡೆ ಕಂಬಿ ಹಿಡಿದು ನಿಲ್ಲುತ್ತಿದ್ದವಳು ನಿನ್ನೆ ಒಂದೇ ಉಸಿರಿಗೆ ಹತ್ತಿ ಲೋಕಲ್ ಹಿಡಿದೆ. ಈ ಬರಹವನ್ನು ಇನ್ನು ಮುಂದೂಡಬಾರದೆಂದು ಅನ್ನಿಸಿದ್ದು ಆಗಲೇ.

ಗರ್ಭಕೋಶದಲ್ಲಿ ಮೂರು ದೊಡ್ಡ ಫೈಬ್ರಾಯ್ಡ್ ಗಡ್ಡೆಗಳಿದ್ದವು. ತಿಂಗಳ ಮುಟ್ಟಿನಲ್ಲಿ ಆಗುತ್ತಿದ್ದ ಅತಿಸ್ರಾವವನ್ನು ಒಬ್ಬ ವೈದ್ಯರು 'ಈ ವಯಸ್ಸಿಗೆ ಸಹಜ' ಎಂದು ಹೇಳಿ ಕಳುಹಿಸಿದ್ದರಿಂದ ಎರಡು ವರ್ಷ ಹಾಗೆಯೇ ಕಳೆಯಿತು. ಕೊನೆಗೆ ಮಾಟುಂಗಾದ ಸ್ನೇಹಿತೆಯೊಬ್ಬರು ಒತ್ತಾಯ ಮಾಡಿ ಬೇರೆ ವೈದ್ಯೆಯ ಬಳಿ ಕರೆದೊಯ್ದಾಗ ನನ್ನ ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು, ಹೆಂಗಸರಿಗೆ ಅದು ಕನಿಷ್ಠ 12 ಇರಬೇಕು. ಆ ವೈದ್ಯೆ ಕೂಡಲೇ ಕತ್ತರಿ ಹಿಡಿಯಲಿಲ್ಲ. ಗಡ್ಡೆಗಳನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸುವ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಚ್ಚು ಹೋಗುವ ಸಂಭವವಿದೆಯೆಂದೂ, ಅಪರೂಪಕ್ಕೆ ಅದು ನಿಲ್ಲದೆಹೋದರೆ ಗರ್ಭಕೋಶವನ್ನೇ ತೆಗೆಯಬೇಕಾದೀತೆಂದೂ ಮುಚ್ಚುಮರೆಯಿಲ್ಲದೆ ಹೇಳಿ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡಿಸಿ, ಹಿಮೋಗ್ಲೋಬಿನ್ 10.8 ಆಗುವವರೆಗೆ ಕಾಯಿಸಿದರು. ಆ ಕಾಯುವಿಕೆಗೆ ನನ್ನ ಮೊದಲ ನಮಸ್ಕಾರ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಗರ್ಭಕೋಶದ ಸ್ನಾಯುವನ್ನು ಬಿಗಿಗೊಳಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಅರ್ಧ ಗಂಟೆಯಲ್ಲಿ ಹಲ್ಲು ಕಟಕಟಿಸುವಷ್ಟು ನಡುಕ ಬಂತು. 'ಇದು ಮಾತ್ರೆಯ ಚಳಿ, ಹೆದರಬೇಡಿ' ಎನ್ನುತ್ತ ಎರಡನೆಯ ಕಂಬಳಿ ಹೊದೆಸಿ, ಅದರ ಅಂಚನ್ನು ನನ್ನ ಹಿಮ್ಮಡಿಯ ಕೆಳಗೆ ಮಡಚಿ ಸಿಕ್ಕಿಸಿದ ಸಿಸ್ಟರ್ ಅವರ ಹೆಸರು ನನಗೆ ಇಂದಿಗೂ ತಿಳಿಯದು. ಅರಿವಳಿಕೆ ವೈದ್ಯರು ಕಾಲಿನ ರಕ್ತನಾಳದಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ, ಮನೆಯಲ್ಲಿ ಯಾರಿಗಾದರೂ ಆಗಿತ್ತೇ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ನನಗೆ ಸ್ವಲ್ಪ ಸಿಟ್ಟೂ ಬಂತು. ಅವರು ಕೊಡಲಿದ್ದ ಟ್ರಾನೆಕ್ಸಾಮಿಕ್ ಆಮ್ಲವು ಹೊಸದಾಗಿ ಹೆಪ್ಪು ಕಟ್ಟಿಸುವ ಔಷಧಿಯಲ್ಲ, ಗಾಯದ ಬಾಯಲ್ಲಿ ತಾನಾಗಿ ಕಟ್ಟಿದ ಹೆಪ್ಪನ್ನು ದೇಹವೇ ಬೇಗನೆ ಕರಗಿಸಿಬಿಡದಂತೆ ತಡೆಯುವಂಥದ್ದು. ಆದ್ದರಿಂದಲೇ, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರ ವಿಷಯದಲ್ಲಿ ಅಷ್ಟು ಎಚ್ಚರ. ಇದನ್ನು ತಿಳಿದ ಮೇಲೆ ಆ ಸಿಟ್ಟಿಗಾಗಿ ನಾಚಿದ್ದೇನೆ. ಅದರ ಒಂದು ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ ಇಳಿಯಿತು. ಉಳಿದದ್ದನ್ನು ಆಮೇಲೆ ಕೇಳಿ ತಿಳಿದೆ: ಗಡ್ಡೆಯ ಸುತ್ತಲಿನ ಭಾಗಕ್ಕೆ ತೆಳುಗೊಳಿಸಿದ ವ್ಯಾಸೊಪ್ರೆಸಿನ್ ಚುಚ್ಚಿದಾಗ ರಕ್ತನಾಳಗಳು ಸಂಕುಚಿತಗೊಂಡು ಕೆಂಪಾಗಿದ್ದ ಗರ್ಭಕೋಶ ಬಿಳಿಚಿಕೊಳ್ಳುತ್ತದೆಯಂತೆ, ಅದು ರಕ್ತದೊತ್ತಡವನ್ನೂ ಹೃದಯದ ಬಡಿತವನ್ನೂ ಏರುಪೇರು ಮಾಡಬಹುದಾದ್ದರಿಂದ ಚುಚ್ಚುವ ಮುನ್ನ ಅರಿವಳಿಕೆ ವೈದ್ಯರಿಗೆ ಗಟ್ಟಿಯಾಗಿ ಹೇಳಿಯೇ ಚುಚ್ಚುತ್ತಾರಂತೆ. ಹೋದ ರಕ್ತ ಸುಮಾರು 300 ಮಿಲಿಲೀಟರ್. ರಕ್ತ ಇಷ್ಟಕ್ಕೇ ನಿಂತದ್ದು ಬರೀ ಔಷಧಿಯ ಕೆಲಸವಲ್ಲ, ಹೊಲಿಗೆ ಹಾಕಿದ ಕೈಯದೂ ಹೌದು.

ಟ್ರಾನೆಕ್ಸಾಮಿಕ್ ಆಮ್ಲವನ್ನು ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ. ಅವರ ಸಂಶೋಧನೆ ಪ್ರಕಟವಾದದ್ದು 1962ರಲ್ಲಿ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಉತಾಕೊ ಅದನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದವರು. ಹೆರಿಗೆಯ ನಂತರದ ರಕ್ತಸ್ರಾವದಲ್ಲಿ ಈ ಔಷಧಿಯನ್ನು ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದಾಗುವ ಸಾವು ಕಡಿಮೆಯಾಗುತ್ತದೆಂದು 21 ದೇಶಗಳ 20,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನ ತೋರಿಸಿದ್ದು 2017ರಲ್ಲಿ. ಉತಾಕೊ ಅದರ ಹಿಂದಿನ ವರ್ಷವೇ 98ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ನನ್ನದು ಹೆರಿಗೆಯಲ್ಲ, ಆದರೆ ಔಷಧಿ ಅದೇ. ಆಸ್ಪತ್ರೆಯ ಬಿಲ್ಲಿನಲ್ಲಿ ಅದರ ಬೆಲೆ ಕೈಗವಸುಗಳ ಬೆಲೆಗಿಂತಲೂ ಕಡಿಮೆಯಿತ್ತು. (ಸಂಘದ ಇಬ್ಬರು ಗೆಳತಿಯರು ಮಾತ್ರೆಯ ಹೆಸರು ಬರೆದುಕೊಡು ಎಂದು ಕೇಳಿದ್ದಾರೆ. ಬರೆದುಕೊಡುವುದಿಲ್ಲ. ಮೂರು ಸಲ ಪ್ರಶ್ನೆ ಕೇಳುವ ವೈದ್ಯರನ್ನು ಕಾಣಿರಿ.)

ಇನ್ನು ನಿಮ್ಮ ಸರದಿ. ಎರಡು ಚೀಲ ರಕ್ತ ಸಿದ್ಧವಿರಬೇಕೆಂದು ಆಸ್ಪತ್ರೆ ಹೇಳಿದಾಗ ಬದಲಿ ರಕ್ತ ಕೊಡಲು ಒಂಬತ್ತು ಮಂದಿ ಬಂದಿರಿ. ನಮ್ಮ ಕಟ್ಟಡದವರು, ಆಫೀಸಿನವರು, ಕಲ್ಯಾಣದಿಂದ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದ ಭಾವ, ತೂಕ ಸಾಲದೆಂದು ವಾಪಸು ಕಳುಹಿಸಿದಾಗ ಕಣ್ಣೀರು ಹಾಕಿದ ತಂಗಿಯ ಮಗಳು. ನನಗಾಗಿ ಕಾದಿರಿಸಿದ ಆ ಎರಡು ಚೀಲಗಳಲ್ಲಿ ಒಂದು ಹನಿಯೂ ನನಗೆ ಬೇಕಾಗಲಿಲ್ಲ. 'ಹಾಗಾದರೆ ನಾವು ಕೊಟ್ಟದ್ದು ವ್ಯರ್ಥವಾಯಿತೇ' ಎಂದು ಭಾವ ನಗೆಯಾಡಿದರು. ನಾನು ಬ್ಲಡ್ ಬ್ಯಾಂಕಿನಲ್ಲಿ ವಿಚಾರಿಸಿದೆ, ಭಾವ. ಅವೆರಡೂ ಬೇರೆ ರೋಗಿಗಳಿಗೆ ಹೋಗಿವೆ.

ಮತ್ಸ್ಯಗಂಧ ರೈಲಿನಲ್ಲಿ ಕುಂದಾಪುರದಿಂದ ಬಂದ ಅಮ್ಮ ಈ ತಿಂಗಳ ಕೊನೆಯವರೆಗೆ ಇಲ್ಲಿಯೇ ಇರುತ್ತಾರೆ. ಬರುವ ಭಾನುವಾರ ಪತ್ರೊಡೆ ಮಾಡುವುದೆಂದು ನಿಶ್ಚಯವಾಗಿದೆ. ಒಂಬತ್ತು ಮಂದಿಯೂ ಬರಬೇಕು, ತೂಕ ಸಾಲದವಳು ಮೊದಲು.